ಕವರಿನ ಮೇಲೆ ‘ಸೌ.’ ಬರೆಯುವುದೋ, ‘ಶ್ರೀಮತಿ’ ಬರೆಯುವುದೋ?

ಪ್ರಶ್ನೆ: ನಮ್ಮದು ಮೂಲ ವಿಜಯಪುರದ ಕಡೆ. 30 ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗನ ಮದುವೆ ಗೊತ್ತಾಗಿದೆ. ಹುಡುಗಿ ಪುಣೆಯ ಮರಾಠಿ ಮನೆತನದವಳು, ಹಲ್ಲಿನ ಡಾಕ್ಟರು. ಸುಮಾರು 350 ಮನೆಗಳಿಗೆ ಪತ್ರಿಕೆ ಕೊಡಬೇಕು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸುತ್ತೇವೆ. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮರಾಠಿ ಪತ್ರಿಕೆಯಲ್ಲಿ ನನ್ನ ಹೆಸರಿಗೆ ವಿಧವೆಯರಿಗೆ ಬರೆಯುವ ‘ಗಂ.ಭಾ.’ ಹಚ್ಚಲೇಬೇಕು, ಅದೇ ಇಲ್ಲಿನ ಪದ್ಧತಿ ಎಂದು ಮೈದುನ ಹಟ ಹಿಡಿದಿದ್ದಾರೆ. ಆ ಎರಡು ಅಕ್ಷರ ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕವರಿನದು ಇನ್ನೊಂದು ಪೇಚು. ಮಗಳ ಮದುವೆಯಲ್ಲಿ ಎದುರುಮನೆ ಮರಾಠಿಯವರ ಸೊಸೆಗೆ ‘ಶ್ರೀಮತಿ’ ಎಂದು ಬರೆದಿದ್ದೆ. ಅವಳ ಅತ್ತೆ ಬಾಗಿಲಲ್ಲೇ ‘ನನ್ನ ಮಗ ಇನ್ನೂ ಇದ್ದಾನಮ್ಮ’ ಅಂದರು. ಈಗ ಪಟ್ಟಿಯಲ್ಲಿ ವಿಚ್ಛೇದನವಾದ ಅಣ್ಣನ ಮಗಳಿದ್ದಾಳೆ, ಮದುವೆಯಾಗದ 50ರ ಸಹೋದ್ಯೋಗಿ ಇದ್ದಾರೆ, ತವರಿನ ಅಡ್ಡಹೆಸರನ್ನೇ ಇಟ್ಟುಕೊಂಡ ಡಾಕ್ಟರೊಬ್ಬರಿದ್ದಾರೆ. ಯಾರಿಗೆ ಏನು ಬರೆಯಲಿ?

ಉತ್ತರ: ನೀವು ಕೇಳಿದ್ದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಿಮ್ಮ ಹೆಸರು ನಿಮ್ಮ ಮಗನ ಪತ್ರಿಕೆಯಲ್ಲಿ ಹೇಗಿರಬೇಕು ಎನ್ನುವುದು ಒಂದು. ಅದನ್ನು ತೀರ್ಮಾನಿಸುವವರು ನೀವೇ, ಮೈದುನರಲ್ಲ. ಬೇರೆ ಹೆಂಗಸರ ಹೆಸರನ್ನು ಕವರಿನ ಮೇಲೆ ಹೇಗೆ ಬರೆಯಬೇಕು ಎನ್ನುವುದು ಇನ್ನೊಂದು. ಅದನ್ನು ತೀರ್ಮಾನಿಸುವವರು ಆಯಾ ಹೆಂಗಸರೇ, ನಾವಲ್ಲ. ಇಷ್ಟು ಒಪ್ಪಿಕೊಂಡರೆ ಮುಕ್ಕಾಲು ಪಾಲು ತೊಡಕು ಬಿಡಿಸಿದಂತೆ.

ಎದುರುಮನೆಯಲ್ಲಿ ಆದ ನೋವಿನಿಂದಲೇ ಶುರುಮಾಡೋಣ. ಮುಂಬೈ, ಪುಣೆಯ ಕನ್ನಡಿಗರು ಎಡವುವುದು ಹೆಚ್ಚಾಗಿ ಅಲ್ಲೇ. ‘ಶ್ರೀಮತಿ’ ಎಂಬ ಒಂದೇ ಪದಕ್ಕೆ ಎರಡು ಭಾಷೆಯ ಮನೆಗಳಲ್ಲಿ ಎರಡು ಅರ್ಥ. ಕನ್ನಡದಲ್ಲಿ ಮದುವೆಯಾದ ಯಾವ ಹೆಂಗಸಿಗೂ ‘ಶ್ರೀಮತಿ’ ಎನ್ನುತ್ತೇವೆ. ಗಂಡ ಇದ್ದಾನೋ ಇಲ್ಲವೋ ಎಂಬುದನ್ನು ಆ ಪದ ಹೇಳುವುದಿಲ್ಲ. ಮರಾಠಿ ಲಗ್ನಪತ್ರಿಕೆಯ ರೂಢಿ ಹಾಗಲ್ಲ. ಅಲ್ಲಿ ಗಂಡ ಇರುವವಳಿಗೆ ‘ಸೌ.’, ಅಂದರೆ ಸೌಭಾಗ್ಯವತಿ, ಗಂಡ ತೀರಿಕೊಂಡವಳಿಗೆ ‘ಶ್ರೀಮತಿ’ ಅಥವಾ ‘ಗಂ.ಭಾ.’. ಮಹಾರಾಷ್ಟ್ರದ ಸರಕಾರಿ ಆದೇಶಗಳಲ್ಲಿ ಎಲ್ಲ ಹೆಂಗಸರಿಗೂ ‘ಶ್ರೀಮತಿ’ ಎಂದೇ ಬರೆಯುತ್ತಾರೆ, ಕಚೇರಿಯಲ್ಲಿ ಯಾರೂ ಅದಕ್ಕೆ ಬೇಸರಪಡುವುದಿಲ್ಲ. ಮನೆಬಾಗಿಲಿಗೆ ಬರುವ ಮದುವೆ ಪತ್ರಿಕೆಯಲ್ಲಿ ಮಾತ್ರ ಹಳೆಯ ಗೆರೆ ಇನ್ನೂ ಅಳಿಸಿಲ್ಲ, ಅದರಲ್ಲೂ 60 ದಾಟಿದವರ ಕಣ್ಣಿಗೆ. ನೀವು ಗೌರವದಿಂದ ಬರೆದದ್ದನ್ನು ಆ ಅತ್ತೆ ತಮ್ಮ ಭಾಷೆಯಲ್ಲಿ ಓದಿಕೊಂಡರು. ತಪ್ಪು ನಿಮ್ಮದೂ ಅಲ್ಲ, ಅವರದೂ ಅಲ್ಲ.

ಇಂಗ್ಲಿಷ್ ಪತ್ರಿಕೆಯಲ್ಲೂ ಇದೇ ಗುಂಡಿ ಇದೆ. ನಮ್ಮವರು ಅಭ್ಯಾಸಬಲದಿಂದ ‘ಎಸ್‌ಎಂಟಿ’ ಎಂಬ ಮೂರಕ್ಷರ ಹಾಕುತ್ತಾರೆ. ಮರಾಠಿ ಮನೆಯವರು ಅದನ್ನು ‘ಶ್ರೀಮತಿ’ ಎಂದೇ ಬಿಡಿಸಿ ಓದುತ್ತಾರೆ. ಆದ್ದರಿಂದ ಮರಾಠಿ ನೆರೆಯವರಿಗೆ ಕೊಡುವ ಇಂಗ್ಲಿಷ್ ಕವರಿನಲ್ಲಿ ಅದು ಬೇಡ. ಗುಜರಾತಿ ನೆರೆಹೊರೆಯಿದ್ದರೆ ಇನ್ನೊಂದು ಲೆಕ್ಕ: ಅವರಲ್ಲಿ ‘ಶ್ರೀಮತಿ’ಗೆ ತೊಂದರೆಯಿಲ್ಲ, ಗಂಡ ತೀರಿಕೊಂಡವರಿಗೆ ‘ಗಂ.ಸ್ವ.’, ಅಂದರೆ ಗಂಗಾಸ್ವರೂಪ ಎಂದು ಬರೆಯುವ ರೂಢಿ ಬೇರೆಯೇ ಇದೆ.

ಇನ್ನು ಪದಗಳ ಹುಟ್ಟು. ‘ಶ್ರೀಮತಿ’ ಎಂದರೆ ಶ್ರೀ ಉಳ್ಳವಳು, ‘ಶ್ರೀಮಾನ್’ ಎಂಬುದರ ಹೆಣ್ಣುರೂಪ. ಮದುವೆಯ ಸುದ್ದಿ ಆ ಪದದೊಳಗೆ ಎಲ್ಲಿಯೂ ಇಲ್ಲ. ‘ಸೌಭಾಗ್ಯ’ ಬಂದದ್ದು ‘ಸುಭಗ’ದಿಂದ, ಒಳ್ಳೆಯ ಭಾಗ್ಯ ಎನ್ನುವುದು ಮೂಲಾರ್ಥ, ಮುತ್ತೈದೆತನ ಎಂಬ ಅರ್ಥ ಬಳಕೆಯಲ್ಲಿ ಅದಕ್ಕೆ ಅಂಟಿಕೊಂಡಿತು. ‘ಗಂ.ಭಾ.’ ಎಂದರೆ ಗಂಗಾ ಭಾಗೀರಥಿ. ಗಂಗೆಯಷ್ಟು ಪವಿತ್ರಳು ಎಂಬ ಗೌರವದ ಮಾತಾಗಿಯೇ ಹಳೆಯ ಕಾಗದಪತ್ರಗಳಲ್ಲಿ ಅದು ಬಂತು. ಮರಾಠಿಯಲ್ಲಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದ ಹಿರಿಯರ ಪತ್ರಗಳಲ್ಲೂ ‘ಗಂಗಾಭಾಗೀರಥಿ ಸಮಾನರಾದ’ ಎಂಬ ಒಕ್ಕಣೆ ಇತ್ತು. ಪದ ಒಳ್ಳೆಯದೇ. ಆದರೆ ಗಂಡಸಿನ ಹೆಂಡತಿ ತೀರಿಕೊಂಡರೆ ಅವನ ಹೆಸರಿನ ಮುಂದಿನ ‘ಶ್ರೀ’ ಬದಲಾಗುವುದಿಲ್ಲ, ಹೆಂಗಸಿನದು ಮಾತ್ರ ಬದಲಾಗುತ್ತದೆ. ನಿಮ್ಮ ಹೊಟ್ಟೆಯ ಸಂಕಟಕ್ಕೆ ಕಾರಣ ಅದು, ಮತ್ತು ಆ ಸಂಕಟ ನ್ಯಾಯವಾದದ್ದು.

ಈ ನೋವು ನಿಮ್ಮೊಬ್ಬರದಲ್ಲ. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯತಿ, ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಸುವುದು ನಿಲ್ಲಬೇಕೆಂದು ಠರಾವು ಮಾಡಿತು. ಬೇರೆ ಪಂಚಾಯತಿಗಳೂ ಹಾಗೆ ಮಾಡಲಿ ಎಂದು ಅದೇ ತಿಂಗಳು ರಾಜ್ಯ ಸರಕಾರ ಸುತ್ತೋಲೆ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು ‘ವಿಧವೆ’ ಎಂಬ ಪದದ ಬದಲು ‘ಗಂಗಾ ಭಾಗೀರಥಿ’ ಬಳಸುವ ವಿಚಾರವನ್ನು ಇಲಾಖೆಯ ಮುಂದಿಟ್ಟರು. ಮಹಿಳಾ ಸಂಘಟನೆಗಳಿಂದ ಕಟುವಾದ ಟೀಕೆ ಬಂತು, ತೀರ್ಮಾನವೇನೂ ಆಗಿಲ್ಲ ಎಂದು ಸಚಿವರೇ ಹೇಳಬೇಕಾಯಿತು. ‘ಇಲ್ಲಿನ ಪದ್ಧತಿ’ ಎಂದು ಮೈದುನರು ಹೇಳುತ್ತಿರುವುದನ್ನು ಇಲ್ಲಿಯವರೇ ಒಪ್ಪದೆ ತಳ್ಳಿದ್ದಾರೆ ಎಂದು ಅವರಿಗೆ ಸಮಾಧಾನವಾಗಿ ಹೇಳಿ.

‘ಸೌ. ಇಲ್ಲದ ಪತ್ರಿಕೆ ಅಶುಭ’, ‘ಶಾಸ್ತ್ರದಲ್ಲಿದೆ’ ಎಂಬ ಮಾತುಗಳೂ ನಿಮ್ಮ ಕಿವಿಗೆ ಬಿದ್ದಿರಬಹುದು. ಕನ್ಯಾದಾನದ ಸಂಕಲ್ಪದಲ್ಲಿ ಗೋತ್ರ ಹೇಳುತ್ತಾರೆ, ಇಂಥವರ ಮರಿಮಗಳು, ಮೊಮ್ಮಗಳು, ಮಗಳು ಎಂದು ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ಅಚ್ಚಾದ ಪತ್ರಿಕೆಗೆ ಆ ವಿಧಿಯಲ್ಲಿ ಜಾಗವೇ ಇಲ್ಲ. ‘ಚಿ.’, ‘ಸೌ.’, ಹಿಂದೆ ಗಂಡಸರ ಹೆಸರಿಗೆ ಹಚ್ಚುತ್ತಿದ್ದ ‘ಮ.ರಾ.ರಾ.’ ಎಲ್ಲವೂ ಪತ್ರ ಬರೆಯುವ ರೂಢಿಯಿಂದ ಪತ್ರಿಕೆಗೆ ಇಳಿದವು. ಮ.ರಾ.ರಾ. ಈಗ ಯಾರೂ ಬರೆಯುವುದಿಲ್ಲ, ಅದರಿಂದ ಯಾವ ಮದುವೆಯೂ ಕೆಟ್ಟಿಲ್ಲ. ಕಾನೂನಿನಲ್ಲೂ ಹೆಂಗಸಿನ ಹೆಸರಿನ ಮುಂದೆ ಇಂಥದ್ದೇ ಇರಬೇಕೆಂದಿಲ್ಲ. ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಲೇಬೇಕೆಂಬ ಕಟ್ಟಳೆಯೂ ಇಲ್ಲ.

ಕಾನೂನಿನ ಕಡೆಯಿಂದ ನೋಡಬೇಕಾದದ್ದು ಬೇರೊಂದಿದೆ. ಮಹಾರಾಷ್ಟ್ರದಲ್ಲಿ 1998ರ ಕಾಯ್ದೆಯಡಿ ಮದುವೆ ನೋಂದಾಯಿಸುವಾಗ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ, ಅದಿಲ್ಲದಿದ್ದರೆ ಅಫಿಡವಿಟ್ ಮಾಡಿಸಬೇಕಾಗುತ್ತದೆ. ಹೆಸರಿನ ಮುಂದೆ ಚಿ.ಸೌ. ಇದ್ದರೆ ಅಲ್ಲಿ ಅಡ್ಡಿಯಿಲ್ಲ. ಹುಡುಗಿಯನ್ನು ಮನೆಯಲ್ಲಿ ಕರೆಯುವ ಹೆಸರು ಮಾತ್ರ ಅಚ್ಚಾಗಿ, ಆಧಾರ್‌ನಲ್ಲಿರುವ ಹೆಸರು ಪತ್ರಿಕೆಯಲ್ಲಿ ಇಲ್ಲದಿದ್ದರೆ ಓಡಾಟ ತಪ್ಪದು. ಮೂರು ಭಾಷೆಯ ಪತ್ರಿಕೆಯಲ್ಲೂ ಅವಳ ಹೆಸರು, ತಂದೆಯ ಹೆಸರು, ಅಡ್ಡಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಪ್ರೀತಿಯ ಹೆಸರು ಬೇಕಿದ್ದರೆ ಕೆಳಗೆ ಸಣ್ಣದಾಗಿ ಹಾಕಿಸಿ.

ಈಗ ನಿಮ್ಮ ಹೆಸರಿಗೆ ಬರೋಣ. ‘ಗಂ.ಭಾ.’ ಬಿಟ್ಟುಬಿಡಿ. ಕನ್ನಡ ಪತ್ರಿಕೆಯಲ್ಲಿ ‘ಶ್ರೀಮತಿ’ ಎಂದು ಹಾಕಿದರೆ ಕನ್ನಡದವರು ಸಹಜವಾಗಿ ಓದುತ್ತಾರೆ. ಮರಾಠಿ ಪತ್ರಿಕೆಯಲ್ಲೂ ‘ಶ್ರೀಮತಿ’ ಎಂದೇ ಹಾಕಿದರೆ ಅಲ್ಲಿನ ರೂಢಿಗೂ ಅದು ಸರಿ, ಹಿರಿಯರೂ ಬೆರಳು ತೋರಿಸಲಾರರು. ನಿಮ್ಮ ಮಟ್ಟಿಗೆ ಎರಡೂ ಭಾಷೆಗೆ ಹೊಂದುವ ಪದ ಅದೊಂದೇ. ಮರಾಠಿಯಲ್ಲಿ ಅದು ನಿಮ್ಮ ಸ್ಥಿತಿಯನ್ನು ಹೇಳಿಯೇ ಹೇಳುತ್ತದಲ್ಲ ಎಂದು ನಿಮಗೆ ಅನ್ನಿಸಿದರೆ ಇನ್ನೊಂದು ದಾರಿ: ಮರಾಠಿ ಪತ್ರಿಕೆಯಲ್ಲಿ ಕರೆಯುವವರ ಸಾಲಿನ ಗಂಡಸರೂ ಸೇರಿ ಯಾರ ಹೆಸರಿಗೂ ಏನನ್ನೂ ಹಚ್ಚದಿರುವುದು. ಎಲ್ಲರಿಗೂ ಬಿಟ್ಟರೆ ಅದು ಪತ್ರಿಕೆಯ ಶೈಲಿ ಎನಿಸುತ್ತದೆ. ನಿಮ್ಮೊಬ್ಬರಿಗೆ ಮಾತ್ರ ಬಿಟ್ಟು ಮೈದುನರಿಗೆ ‘ಶ್ರೀ’, ನೆಗೆಣ್ಣಿಗೆ ‘ಸೌ.’ ಉಳಿಸಿದರೆ ಓದಿದವರೆಲ್ಲ ಆ ಖಾಲಿ ಜಾಗವನ್ನೇ ನೋಡುತ್ತಾರೆ. ಈ ಅರೆಬರೆ ದಾರಿ ಮಾತ್ರ ಬೇಡ.

ಕರೆಯುವವರ ಸಾಲಿನಲ್ಲಿ ಯಜಮಾನರ ಹೆಸರನ್ನು ಹೇಗೆ ತರುವುದು ಎಂಬುದನ್ನೂ ಈಗಲೇ ನಿಶ್ಚಯಿಸಿಕೊಳ್ಳಿ. ತೀರಿಕೊಂಡವರು ಕರೆಯಲು ಬರುವುದಿಲ್ಲ ಎಂಬ ಆಕ್ಷೇಪ ಒಂದು ಕಡೆ, ತಂದೆಯ ಹೆಸರಿಲ್ಲದ ಪತ್ರಿಕೆ ಹೇಗೆ ಎಂಬ ಸಂಕಟ ಇನ್ನೊಂದು ಕಡೆ. ಎರಡಕ್ಕೂ ಸಮಾಧಾನ ಇಷ್ಟೇ: ‘ಮಾಡುವ ವಿಜ್ಞಾಪನೆಗಳು’ ಎಂಬ ಸಾಲಿನಲ್ಲಿ ನಿಮ್ಮ ಹೆಸರೊಂದೇ ಇರಲಿ. ವರನ ಹೆಸರಿನ ಕೆಳಗೆ ‘ದಿ. ಶ್ರೀ ... ಮತ್ತು ಶ್ರೀಮತಿ ... ಅವರ ಸುಪುತ್ರ’ ಎಂದು ಹಾಕಿಸಿ. ‘ದಿ.’ ಮದುವೆ ಪತ್ರಿಕೆಗೆ ಬೇಡ ಎನ್ನಿಸಿದರೆ ‘ಕೀರ್ತಿಶೇಷ’ ಇದೆ, ಲಿಂಗಾಯತರಾದರೆ ‘ಲಿಂ.’ ಎಂದೇ ಬರೆಯುತ್ತಾರೆ, ಮರಾಠಿಯಲ್ಲಿ ‘ಕೈ.’ (ಕೈಲಾಸವಾಸಿ) ಅಥವಾ ‘ಸ್ವ.’. ಮೈದುನರ ಹೆಸರಲ್ಲಿ ಪತ್ರಿಕೆ ಹೊರಡಲಿ, ತಾಯಿಯದು ಕೆಳಗೆಲ್ಲೋ ಬರಲಿ ಎಂಬ ಸಲಹೆಯೂ ಯಾರಿಂದಾದರೂ ಬರಬಹುದು. ದಯವಿಟ್ಟು ಒಪ್ಪಬೇಡಿ. ಮಗನನ್ನು ಬೆಳೆಸಿ ಮದುವೆ ಮಾಡುತ್ತಿರುವವರು ನೀವು. ಕರೆಯುವ ಹಕ್ಕು ಮೊದಲು ನಿಮ್ಮದು. ಮೈದುನರ ಹೆಸರು ‘ಸುಖಾಗಮನ ಬಯಸುವವರು’ ಎಂಬ ಸಾಲಿನ ತಲೆಯಲ್ಲಿ ಇದ್ದರೆ ಅವರ ಗೌರವಕ್ಕೂ ಕೊರತೆಯಿಲ್ಲ.

ವಧುವಿಗೆ ಕನ್ನಡದಲ್ಲಿ ‘ಚಿ.ಸೌ.’ ಅಥವಾ ‘ಚಿ.ಕುಂ.ಸೌ.’, ಮರಾಠಿಯಲ್ಲಿ ‘ಚಿ.ಸೌ.ಕಾಂ.’, ಅಂದರೆ ಸೌಭಾಗ್ಯವನ್ನು ಬಯಸುವವಳು. ಇವು ಹರಕೆಯ ಮಾತುಗಳು, ಇರಲಿ. ಅವಳು ಡಾಕ್ಟರಾದ್ದರಿಂದ ‘ಚಿ.ಸೌ. ಡಾ.’ ಎಂದು ಒಂದರ ಮೇಲೊಂದು ಪೇರಿಸುವ ಬದಲು ಹೆಸರಿನ ಕೆಳಗೆ ಬಿ.ಡಿ.ಎಸ್. ಎಂದು ಹಾಕಿದರೆ ಕಣ್ಣಿಗೆ ಹಿತ. ವರನ ಕಲಿಕೆಯನ್ನು ಅಚ್ಚು ಹಾಕಿಸಿ ಅವಳದನ್ನು ಬಿಡುವ ತಪ್ಪು ಮಾತ್ರ ಆಗದಿರಲಿ. ಬೀಗರು ಕೊಟ್ಟ ಒಕ್ಕಣೆಯಲ್ಲಿ ಅವಳ ತಾಯಿಗೆ ‘ಸೌ.’ ಇದ್ದರೆ ಮರಾಠಿ ಪತ್ರಿಕೆಯಲ್ಲಿ ಹಾಗೇ ಉಳಿಸಿ. ಅದನ್ನು ಕನ್ನಡಕ್ಕೆ ತರುವಾಗ ‘ಶ್ರೀಮತಿ’ ಮಾಡಬಹುದು, ಆದರೆ ಅವರಿಗೆ ಒಮ್ಮೆ ಹೇಳಿಯೇ ಮಾಡಿ. ಅವರ ಮನೆಯಲ್ಲಿ ಕನ್ನಡ ಓದಲು ಬರದಿದ್ದರೂ ಓದಿ ಹೇಳುವವರು ಸಿಕ್ಕೇ ಸಿಗುತ್ತಾರೆ.

ಕವರಿನ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು ಅಂಗಡಿಯಲ್ಲಿ. ಗಿರಗಾಂವ್‌ನ ಖಾಡಿಲ್ಕರ್ ರಸ್ತೆಯ ಪತ್ರಿಕೆ ಅಂಗಡಿಗಳಲ್ಲಿ ಮಾಡಿಸಿ, ನಿಮ್ಮ ಡೊಂಬಿವಲಿಯಲ್ಲೇ ಮಾಡಿಸಿ, ಎಷ್ಟೋ ಕವರುಗಳ ಮೇಲೆ ‘ಶ್ರೀ./ಸೌ./ಶ್ರೀಮತಿ’ ಎಂದು ಅಚ್ಚಾಗಿ ಮುಂದೆ ಚುಕ್ಕಿಗಳ ಸಾಲು ಇರುತ್ತದೆ. ಬರೆಯುವವರು ಬೇಡದ್ದನ್ನು ಹೊಡೆದುಹಾಕಬೇಕು ಎನ್ನುವುದು ಅದರ ಲೆಕ್ಕ. ಗಂಡ ತೀರಿಕೊಂಡ ಒಬ್ಬ ಹೆಂಗಸಿನ ಕೈಗೆ ‘ಸೌ.’ ಎಂಬುದನ್ನು ಗೀಟು ಹಾಕಿ ಹೊಡೆದ ಕವರು ಸಿಕ್ಕರೆ ಹೇಗಾದೀತು, ನೀವೇ ಊಹಿಸಿ. ಆ ಸಾಲು ಬೇಡ, ಖಾಲಿ ಬಿಡಿ ಎಂದು ಮುಂಚೆಯೇ ಹೇಳಿ. ಕನ್ನಡ ಕವರಿನಲ್ಲಿ ಗೆರೆಯ ಕೊನೆಗೆ ‘ಅವರಿಗೆ’ ಎಂದಷ್ಟೇ ಅಚ್ಚಾಗಲಿ.

ಆ ‘ಅವರಿಗೆ’ಯ ಮೇಲೆ ನನಗೆ ತುಂಬ ಅಭಿಮಾನ. ಇಂಗ್ಲಿಷಿನಲ್ಲಿ ‘ಮಿಸೆಸ್’, ‘ಮಿಸ್’ ಎರಡೂ ‘ಮಿಸ್ಟ್ರೆಸ್’ ಎಂಬ ಒಂದೇ ಪದದಿಂದ ಬಂದವು. ಮದುವೆಯ ಭೇದ ಅವುಗಳಿಗೆ ಆಮೇಲೆ ಅಂಟಿತು. ಭೇದವಿಲ್ಲದ ಒಂದು ಪದ ಬೇಕೆಂದು ‘ಮಿಜ್’ ಎಂಬುದನ್ನು 1901ರಲ್ಲೇ ಅಮೆರಿಕದ ಒಂದು ಸುದ್ದಿಪತ್ರಿಕೆಯಲ್ಲಿ ಸೂಚಿಸಿದ್ದರು, ಅದು ಬಳಕೆಗೆ ಬರಲು 70 ವರ್ಷ ಹಿಡಿಯಿತು. ಕನ್ನಡಕ್ಕೆ ಆ ಕಷ್ಟವೇ ಇಲ್ಲ. ನಮ್ಮಲ್ಲಿ ಗೌರವ ಹೆಸರಿನ ಮುಂದೆಯೇ ಕೂರಬೇಕಾಗಿಲ್ಲ, ಹೆಸರಿನ ಬೆನ್ನಿಗೂ ಬರುತ್ತದೆ. ‘ಸುಮಾ ಕುಲಕರ್ಣಿ ಅವರಿಗೆ’ ಎಂದಾಗ ಮರ್ಯಾದೆಗೆ ಏನೂ ಕಡಿಮೆಯಾಗಲಿಲ್ಲ, ಸುಮಾ ಅವರ ಮನೆಯ ವಿಚಾರವೂ ಕವರಿನ ಮೇಲೆ ಬರಲಿಲ್ಲ. ಯಾವ ಹೆಂಗಸಿಗೆ ಏನು ಬರೆಯಬೇಕೆಂದು ತಿಳಿಯದಿದ್ದರೂ ಹೆಸರು ಪೂರ್ತಿ ಬರೆದು ‘ಅವರಿಗೆ’ ಹಚ್ಚಿ. ಮರಾಠಿಯಲ್ಲಿ ‘ಯಾಂಸ’ ಎಂಬುದು ಇದೇ ಕೆಲಸ ಮಾಡುತ್ತದೆ.

ನೀವು ಹೆಸರಿಸಿದ ಮೂವರಿಗೂ ಇದು ಸಾಕು. ಅಣ್ಣನ ಮಗಳಿಗೆ ತವರಿನ ಅಡ್ಡಹೆಸರೋ ಗಂಡನ ಮನೆಯದೋ ಎಂಬುದಷ್ಟೇ ಪ್ರಶ್ನೆ. ವಿಚ್ಛೇದನವಾದ ಮೇಲೂ ಕೆಲಸ, ಮಕ್ಕಳ ಶಾಲೆ ಎಂದು ಹಿಂದಿನದನ್ನೇ ಉಳಿಸಿಕೊಂಡವರಿದ್ದಾರೆ, ಮರುದಿನವೇ ಬಿಟ್ಟವರೂ ಇದ್ದಾರೆ. ಊಹೆ ಬೇಡ, ಫೋನ್ ಮಾಡಿ. ‘ಕವರಿನ ಮೇಲೆ ನಿನ್ನ ಹೆಸರು ಹೇಗೆ ಬರೀಲವ್ವಾ?’ ಎಂದಷ್ಟೇ ಕೇಳಿ. ‘ಈಗ ಯಾವ ಅಡ್ಡಹೆಸರು?’ ಎಂದು ಕೇಳಿದರೆ ಗಾಯ ಕೆದಕಿದಂತೆ. ಅವಳದು ಬೇರೆ ಮನೆಯಾದರೆ ಬೇರೆ ಕವರೇ ಕೊಡಿ; ಅಣ್ಣನ ಕವರಿನಲ್ಲಿ ಬಾಲದಂತೆ ಸೇರಿಸಬೇಡಿ. 50ರ ಸಹೋದ್ಯೋಗಿಗೆ ‘ಕು.’ ಬೇಡ. ಕುಮಾರಿ ಎಂಬುದು ಹುಡುಗಿಗೆ ಒಪ್ಪುವ ಪದ. ಆ ವಯಸ್ಸಿನವರಿಗೆ ಬರೆದರೆ ಇನ್ನೂ ಮದುವೆಯಾಗಿಲ್ಲ ಎಂದು ಡಂಗುರ ಹೊಡೆದಂತೆ. ಅವರಿಗೆ ಇಂಗ್ಲಿಷ್ ಪತ್ರಿಕೆ ಕೊಡುವುದಾದರೆ ‘ಮಿಜ್’ ಸರಿ. ಡಾಕ್ಟರರದು ಎಲ್ಲಕ್ಕಿಂತ ಸುಲಭ: ‘ಡಾ.’ ಎಂಬುದು ಮದುವೆಯನ್ನೇ ಕೇಳದ ಬಿರುದು. ಅವರ ಪತಿ ಡಾಕ್ಟರಲ್ಲದಿದ್ದರೆ ಒಂದೇ ಸಾಲಿನಲ್ಲಿ ‘ಡಾ. ಮೇಧಾ ಜೋಶಿ ಮತ್ತು ಶ್ರೀ ಅನಿಲ ದೇಸಾಯಿ’ ಎಂಬಂತೆ ಇಬ್ಬರ ಹೆಸರನ್ನೂ ಪೂರ್ತಿ ಬರೆಯಿರಿ. ‘ಶ್ರೀಮತಿ ಮತ್ತು ಶ್ರೀ ಅನಿಲ ದೇಸಾಯಿ’ ಎಂದು ಬರೆದರೆ ಅವರ ಓದು, ಅವರ ಹೆಸರು ಎರಡೂ ಮಾಯ. ಡಾಕ್ಟರರಲ್ಲದ ಜೋಡಿಗಳಿಗೂ ಹೀಗೆ ಇಬ್ಬರ ಹೆಸರನ್ನೂ ಬರೆಯುವುದು ಚೆಂದ. ಜಾಗ ಹಿಡಿಯುತ್ತದೆ, ನಿಜ; ಆದ್ದರಿಂದ ಕವರು ಆರಿಸುವಾಗಲೇ ಅಗಲ ನೋಡಿಕೊಳ್ಳಿ.

ಎದುರುಮನೆಗೆ ಮಾತ್ರ ಈ ಸಲ ಮರಾಠಿ ಕವರಿನಲ್ಲಿ ‘ಶ್ರೀ. ವ ಸೌ.’, ಅಂದರೆ ಶ್ರೀ ಮತ್ತು ಸೌ., ಎಂದೇ ಬರೆಯಿರಿ. ಅವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ, ನಾವು ಅವರ ಮನೆಗೆ ಹೋಗಿ ಅವರ ಪದ ತಿದ್ದಬೇಕಾಗಿಲ್ಲ. ಬೇರೆ ಮರಾಠಿ ಮನೆಗಳಿಗೂ ಇದೇ ಅಳತೆ: ಅವರು ಹಿಂದೆ ನಿಮಗೆ ಕೊಟ್ಟ ಪತ್ರಿಕೆಗಳಿದ್ದರೆ ತೆಗೆದು ನೋಡಿ, ಆ ಹೆಂಗಸು ಅಲ್ಲಿ ತನ್ನ ಹೆಸರನ್ನು ಹೇಗೆ ಹಾಕಿಸಿದ್ದಾಳೋ ಹಾಗೆ ಬರೆಯಿರಿ. ನಿಮ್ಮಂತೆ ಗಂಡನನ್ನು ಕಳೆದುಕೊಂಡ ಹಿರಿಯರಿಗೆ ‘ಮಾತೃಶ್ರೀ ಸಮಾನರಾದ’ ಎಂಬ ನಮ್ಮ ಹಳೆಯ ಒಕ್ಕಣೆ ಇದೆ. ತಾಯಿಯ ಸ್ಥಾನ ಕೊಡುತ್ತದೆ, ಬೇರೇನನ್ನೂ ಹೇಳುವುದಿಲ್ಲ. ತೀರ ಹತ್ತಿರದವರಿಗೆ ‘ಪ್ರೀತಿಯ ಸುಮಿತ್ರಾ ಅತ್ತೆಗೆ’ ಎಂದು ಕೈಯಾರೆ ಬರೆದರೆ ಯಾವ ಬಿರುದೂ ಬೇಡ.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಪಟ್ಟಿಯಲ್ಲಿ. ಮಗಳ ಮದುವೆಯ ಪಟ್ಟಿಯನ್ನೇ ತೆಗೆದು ನಕಲು ಮಾಡಬೇಡಿ. ಅದಾದ ಮೇಲೆ ಯಾರೋ ತೀರಿಕೊಂಡಿರುತ್ತಾರೆ, ಯಾರದೋ ಸಂಸಾರ ಬೇರೆಯಾಗಿರುತ್ತದೆ. ಸತ್ತ ಗಂಡನ ಹೆಸರಿಗೆ ‘ಶ್ರೀಮತಿ ಮತ್ತು ಶ್ರೀ’ ಎಂಬ ಕವರು ಹೋದರೆ ಆ ಮನೆಯವರು ಅದನ್ನು ಮರೆಯಲಾರರು. ಹೊಸ ಪಟ್ಟಿಯಲ್ಲಿ ಒಂದೊಂದು ಮನೆಗೆ ಹೆಂಗಸಿನ ಪೂರ್ತಿ ಹೆಸರು, ಗಂಡಸಿನ ಪೂರ್ತಿ ಹೆಸರು, ಪತ್ರಿಕೆಯ ಭಾಷೆ, ವಿಳಾಸ, ‘ಕೇಳಿ ಖಚಿತಪಡಿಸಿದ್ದು ಯಾರು’ ಎಂದು ಐದು ಅಂಕಣ ಹಾಕಿ. ಕೊನೆಯ ಅಂಕಣ ಖಾಲಿ ಇರುವ ಹೆಸರನ್ನು ಕವರಿಗೆ ಇಳಿಸಬೇಡಿ. 350 ಮನೆಯೆಂದರೆ ಮೂರು ಜನ ಹಂಚಿಕೊಂಡರೆ ಒಂದು ವಾರದ ಫೋನ್ ಕೆಲಸ. ಪತ್ರಿಕೆ 350 ಮಾಡಿಸಿದರೆ ಕವರು 390 ಇರಲಿ. ಪತ್ರಿಕೆ ಕೆಡುವುದಿಲ್ಲ, ಬರೆಯುವಾಗ ಕೆಡುವುದು ಕವರು. ಮಿರುಗುವ ಕಾಗದದ ಕವರಿನ ಮೇಲೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಸಣ್ಣ ಮೊನೆಯ ಮಾರ್ಕರ್ ತೆಗೆದುಕೊಳ್ಳಿ.

ಪ್ರೂಫ್ ಬಂದಾಗ ಕನ್ನಡ ಪತ್ರಿಕೆಯನ್ನು ಕಣ್ಣಿಟ್ಟು ನೋಡಿ. ನೀವು ವಾಟ್ಸಾಪ್‌ನಲ್ಲಿ ಕಳಿಸುವ ಕನ್ನಡ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿರುತ್ತದೆ. ಇಲ್ಲಿನ ಎಷ್ಟೋ ಮುದ್ರಣಾಲಯಗಳ ಹಳೆಯ ವಿನ್ಯಾಸದ ತಂತ್ರಾಂಶ ಅದನ್ನು ಸರಿಯಾಗಿ ಜೋಡಿಸುವುದಿಲ್ಲ; ಒತ್ತಕ್ಷರ ಒಡೆಯುತ್ತದೆ. ಮೊದಲ ಪೆಟ್ಟು ಬೀಳುವುದು ‘ಶ್ರೀ’ಗೆ: ‘ಶ್’ ಬೇರೆ ‘ರೀ’ ಬೇರೆಯಾಗಿ ನಿಲ್ಲುತ್ತವೆ. ಅಚ್ಚು ಹಾಕುವವರಿಗೆ ಕನ್ನಡ ಬರದಿದ್ದರೆ ಅವರಿಗೆ ಅದು ತಪ್ಪೆಂದೇ ತಿಳಿಯದು. ಕನ್ನಡದ ಪುಟವನ್ನು ಕನ್ನಡ ಬಲ್ಲವರಿಂದಲೇ ಜೋಡಿಸಿ, ಅಕ್ಷರಗಳನ್ನು ಚಿತ್ರರೂಪಕ್ಕೆ ತಿರುಗಿಸಿದ ಪಿಡಿಎಫ್ ಕೊಡಿ. ಇನ್ನೊಂದು ಸಣ್ಣ ವಿಷಯ: ‘ಚಿ.’, ‘ಸೌ.’, ‘ಡಾ.’, ‘ದಿ.’ ಇವು ಮೊಟಕು ರೂಪಗಳು, ಚುಕ್ಕಿ ಬೇಕು. ಕನ್ನಡದ ‘ಶ್ರೀ’ ಪೂರ್ಣ ಪದ, ಅದಕ್ಕೆ ಚುಕ್ಕಿ ಬೇಡ. ಮರಾಠಿಯವರು ಹಾಕುತ್ತಾರೆ, ಅಲ್ಲಿ ಇರಲಿ.

ಮರಾಠಿ ಪತ್ರಿಕೆಯ ಪ್ರೂಫನ್ನು ಮೈದುನರ ಕೈಗೆ ಹೋಗುವ ಮೊದಲು ನೀವೇ ನೋಡಿ, ನಿಮ್ಮ ಹೆಸರಿನ ಸಾಲಿಗೆ ಪಕ್ಕದಲ್ಲಿ ಸಹಿ ಹಾಕಿ. ಅಂಗಡಿಯವರಿಗೂ ಹೇಳಿಬಿಡಿ: ಈ ಸಾಲಿನಲ್ಲಿ ಯಾರೇ ಬಂದು ತಿದ್ದಿಸಿದರೂ ನನ್ನನ್ನು ಕೇಳದೆ ಅಚ್ಚಿಗೆ ಕಳಿಸಬೇಡಿ.